ಐಜಿಬಿಸಿ ಎಪಿ ಆದಮೇಲೆ ನನಗೆ ಕೆಲಸ ಕೊಟ್ಟಿದ್ದು ಓವರ್‌ಹೆಡ್ ಟ್ಯಾಂಕು

ಕಟ್ಟಡಗಳ ನೀರು, ಕರೆಂಟ್ ಉಳಿಸುವುದು, ಹಸಿರು ಕಟ್ಟಡ ಅನ್ನುವ ರೇಟಿಂಗ್ ಕೊಡಿಸುವುದು ನನ್ನ ಕೆಲಸ. ಈಗ ನನ್ನ ಕೈಯಲ್ಲಿ ಮೂರು ಆಫೀಸ್ ಕಟ್ಟಡ, ಏಳು ಅಪಾರ್ಟ್‌ಮೆಂಟ್ ಇವೆ. ಒಂದಕ್ಕೂ ನಾನು ರೆಸ್ಯೂಮ್ ಕಳಿಸಿಲ್ಲ. ಎಲ್ಲವೂ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದ ಕೆಲಸಗಳು. ಈ ದಾರಿ ಹಿಡಿದಾಗ ನನ್ನ ಜೊತೆ ಐಜಿಬಿಸಿ ಎಪಿ (ಭಾರತೀಯ ಹಸಿರು ಕಟ್ಟಡ ಮಂಡಳಿಯ ಪರಿಣತರ ಪರೀಕ್ಷೆ) ಬರೆದವರೇ "ಇದೆಲ್ಲ ಆಗೋ ಮಾತಲ್ಲ" ಅಂದಿದ್ದರು. ಆಯಿತು. ಹೇಗಾಯಿತು ಅಂತ ಬರೆಯುತ್ತೇನೆ. ರೇಟಿಂಗ್‌ಗೆ ಪಾಯಿಂಟ್ ಹೇಗೆ ಕೂಡಿಸುತ್ತಾರೆ ಅನ್ನುವ ವಿವರ ಬಿಟ್ಟುಬಿಡುತ್ತೇನೆ. ಲೆಕ್ಕಗಳೆಲ್ಲ ನೆನಪಿನಿಂದ ಬರೆದದ್ದು, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ನಾನು ಮೆಕ್ಯಾನಿಕಲ್ ಓದಿದವನು. ಪೀಣ್ಯದಲ್ಲಿ ಎಸಿ ಡಕ್ಟ್ ಕೆಲಸ ಮಾಡಿಸುತ್ತಿದ್ದೆ. 2018ರ ಕೊನೆಗೆ ಐಜಿಬಿಸಿ ಎಪಿ ಪಾಸಾಯಿತು. ಪಾಸಾದ ವಾರದಲ್ಲೇ ರೆಸ್ಯೂಮ್ ಕಳಿಸಲು ಶುರು ಮಾಡಿದೆ. ಅರವತ್ತು ಕಡೆ ಕಳಿಸಿರಬೇಕು. ನಾಲ್ಕು ಫೋನ್ ಬಂದವು. ನಾಲ್ವರೂ ಕೇಳಿದ್ದು ಒಂದೇ: "ಇದುವರೆಗೆ ಎಷ್ಟು ಪ್ರಾಜೆಕ್ಟ್ ಸರ್ಟಿಫೈ ಮಾಡಿಸಿದ್ದೀರಿ?" ಒಂದೂ ಇಲ್ಲ. ಕೊನೆಗೆ ಒಂದು ಕನ್ಸಲ್ಟೆನ್ಸಿ 28 ಸಾವಿರ ಸಂಬಳಕ್ಕೆ ತೆಗೆದುಕೊಂಡಿತು. ಎರಡೂವರೆ ವರ್ಷ ರೇಟಿಂಗ್ ಅರ್ಜಿಯ ಟೆಂಪ್ಲೇಟ್ ತುಂಬಿದೆ, ಅದಕ್ಕೆ ಸಾಕ್ಷಿಯಾಗಿ ಕಂಪನಿಗಳ ಪತ್ರ ಜೋಡಿಸಿದೆ. ಸಿಮೆಂಟ್ ಕಂಪನಿಯ ಪತ್ರ, ಪೇಂಟ್ ಕಂಪನಿಯ ಪತ್ರ, ಗಾಜಿನ ಕಂಪನಿಯ ಪತ್ರ. ಅಷ್ಟು ದಿನದಲ್ಲಿ ಒಮ್ಮೆಯೂ ಒಂದು ಕಟ್ಟಡದ ಟೆರೇಸ್ ಹತ್ತಲಿಲ್ಲ. ಆದರೆ ರಿವ್ಯೂ ಮಾಡುವವರು ಎಲ್ಲಿ ತಪ್ಪು ಹುಡುಕುತ್ತಾರೆ ಅನ್ನುವುದು ಅಲ್ಲೇ ಕಲಿತಿದ್ದು. ಆ ಕೆಲಸವನ್ನು ಯಾರೂ ಹಗುರವಾಗಿ ನೋಡಬೇಡಿ. ಒಂದು ವರ್ಷ ಮಾಡಿ. ಎರಡನೇ ವರ್ಷ ಬೇಡ.

ನಡುವೆ 2021ರಲ್ಲಿ ಲೀಡ್ ಗ್ರೀನ್ ಅಸೋಸಿಯೇಟ್ (ಲೀಡ್ ಅನ್ನುವ ಅಮೆರಿಕದ ಹಸಿರು ಕಟ್ಟಡ ರೇಟಿಂಗ್‌ನ ಮೊದಲ ಹಂತದ ಪರೀಕ್ಷೆ) ಬರೆದೆ. ಕ್ಲಾಸು, ಅಣಕು ಪರೀಕ್ಷೆ, ಫೀಸು ಎಲ್ಲ ಸೇರಿ 45 ಸಾವಿರದ ಹತ್ತಿರ ಹೋಯಿತು. ಆಮೇಲೆ ದೊಡ್ಡ ತಪ್ಪು ಮಾಡಿದೆ. ಎರಡು ವರ್ಷದಲ್ಲಿ 15 ಗಂಟೆಯ ಕಲಿಕೆ ತೋರಿಸಬೇಕು ಅಲ್ವಾ? ನನ್ನದು ಒಂಬತ್ತೇ ಆಗಿತ್ತು. ನಾಳೆ ನಾಡಿದ್ದು ಅಂತ ತಳ್ಳುತ್ತಾ ಬಂದು ಕ್ರೆಡೆನ್ಷಿಯಲ್ ಕೈತಪ್ಪಿತು. ಮತ್ತೆ ಪರೀಕ್ಷೆ, ಮತ್ತೆ ಸುಮಾರು 20 ಸಾವಿರ. ಈಗ ಅದರ ಮುಂದಿನ ಹಂತವಾದ ಎಪಿ ಓ ಪ್ಲಸ್ ಎಂ (ಕಟ್ಟಿ ಮುಗಿದ ಕಟ್ಟಡಗಳ ನಿರ್ವಹಣೆಯ ಪರಿಣತ) ಆಗಿರುವುದರಿಂದ 30 ಗಂಟೆ ಬೇಕು. ಪ್ರತಿ ತಿಂಗಳ ಮೊದಲ ಭಾನುವಾರ ಕೂತು ಒಂದೂವರೆ ಗಂಟೆ ಮುಗಿಸಿಬಿಡುತ್ತೇನೆ.

2022ರಲ್ಲಿ ಕೆಲಸ ಬಿಟ್ಟು ಸ್ವಂತಕ್ಕೆ ಇಳಿದೆ. ಮೊದಲ ಗಿರಾಕಿ ಸರ್ಜಾಪುರದ ಕಡೆಯ ಒಬ್ಬ ಬಿಲ್ಡರ್. ಐಜಿಬಿಸಿಯ ಗ್ರೀನ್ ಹೋಮ್ಸ್ ರೇಟಿಂಗ್, ಒಟ್ಟು ಫೀಸು ನಾಲ್ಕೂವರೆ ಲಕ್ಷ. 90 ಸಾವಿರ ಮುಂಗಡ ಕೊಟ್ಟರು. ನನಗೆ ಆಕಾಶ ಮೂರೇ ಗೇಣು. ಕಟ್ಟಡಕ್ಕೆ ಎಷ್ಟು ಕರೆಂಟ್ ಬೇಕಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಎನರ್ಜಿ ಮಾಡೆಲಿಂಗ್ ನನಗೆ ಅಷ್ಟು ಬರುತ್ತಿರಲಿಲ್ಲ, ಒಬ್ಬ ಹುಡುಗನಿಗೆ 60 ಸಾವಿರ ಕೊಟ್ಟು ಮಾಡಿಸಿದೆ. ನಕ್ಷೆ ನೋಡಿ ಮೊದಲೇ ಕೊಡುವ ಪ್ರಿ-ಸರ್ಟಿಫಿಕೇಷನ್ ಸಿಕ್ಕಿತು, ಬ್ರೋಷರ್‌ನಲ್ಲಿ ಅಚ್ಚಾಯಿತು. ಅವರಿಗೆ ಬೇಕಾಗಿದ್ದು ಅಷ್ಟೇ. ಆಮೇಲೆ ಸೈಟಿಗೆ ಹೋದರೆ ಒಪ್ಪಿಕೊಂಡ ನಲ್ಲಿಗಳ ಬದಲು ದೊಡ್ಡ ಷವರ್‌ಗಳು ಬಂದಿದ್ದವು, ನೀರಿನ ಲೆಕ್ಕವೆಲ್ಲ ಮಗುಚಿತು. ಪೇಂಟ್‌ಗೆ ಪತ್ರವೇ ಇಲ್ಲ. ಕೇಳಿದರೆ "ಸೇಲ್ಸ್‌ನವರು ಹೇಳಿದ್ದು ಸಾರ್" ಅನ್ನುವ ಉತ್ತರ. ಹನ್ನೊಂದು ತಿಂಗಳು ಓಡಾಡಿದೆ. ಉಳಿದ ಮೂರು ಲಕ್ಷದ ಅರವತ್ತು ಸಾವಿರದಲ್ಲಿ ಒಂದು ರೂಪಾಯಿ ಬರಲಿಲ್ಲ. ಆ ವರ್ಷ ಮನೆ ಬಾಡಿಗೆಯನ್ನು ಹೆಂಡತಿಯ ಸಂಬಳದಲ್ಲೇ ಕಟ್ಟಿದ್ದು.

ಆಗ ಯೋಚನೆ ಮಾಡಿದೆ. ಕಟ್ಟುತ್ತಿರುವ ಕಟ್ಟಡದ ಹಿಂದೆ ಹೋದರೆ ನನ್ನಂಥ ಒಂಟಿ ಮನುಷ್ಯನಿಗೆ ಹಿಡಿತವೇ ಸಿಗುವುದಿಲ್ಲ. ಕಟ್ಟಿ ಮುಗಿದ ಕಟ್ಟಡಕ್ಕೆ ಪ್ರತಿ ತಿಂಗಳು ಬಿಲ್ ಬರುತ್ತದೆ. ಆ ಬಿಲ್ ಕಟ್ಟುವವರಿಗೆ ಸಂಕಟ ಇರುತ್ತದೆ. ಅಲ್ಲಿಂದ ಶುರು ಮಾಡಬೇಕು.

2023ರಲ್ಲಿ ಅಪಾರ್ಟ್‌ಮೆಂಟ್ ಕಮಿಟಿಗಳ ಹತ್ತಿರ ಹೋಗಿ "ಒಂದು ವರ್ಷದ ಬೆಸ್ಕಾಂ ಬಿಲ್, ಟ್ಯಾಂಕರ್ ಬಿಲ್ ಕೊಡಿ, ಸುಮ್ನೆ ನೋಡಿ ಹೇಳ್ತೀನಿ, ದುಡ್ಡು ಬೇಡ" ಅಂದೆ. ಹನ್ನೊಂದು ಕಡೆ ಮಾಡಿದೆ. ಹನ್ನೊಂದೂ ದಂಡವಾಯಿತು. ಬಿಟ್ಟಿ ಬಂದ ವರದಿಯನ್ನು ಯಾರೂ ಓದಲಿಲ್ಲ. ಒಂದು ಕಡೆಯಂತೂ ನನ್ನ ವರದಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು, ಆರು ತಿಂಗಳಾದ ಮೇಲೂ ಅಲ್ಲೇ ಇತ್ತು, ಒಂದು ಬಲ್ಬೂ ಬದಲಾಗಿರಲಿಲ್ಲ. ಆಮೇಲೆ ಐದು ಸಾವಿರ ಅಂದೆ. ಕೇಳಿದವರು ಕಡಿಮೆಯಾದರು, ಆದರೆ ಕೊಟ್ಟವರು ಹೇಳಿದ್ದನ್ನು ಮಾಡಿಸಿದರು. ಬಿಟ್ಟಿ ಕೆಲಸ ಮಾಡಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

2024ರ ಮಾರ್ಚ್ ಎಲ್ಲವನ್ನೂ ಬದಲಿಸಿತು. ಆ ಬೇಸಿಗೆ ನಿಮಗೂ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿದವು. ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿತು. ನಲ್ಲಿಯ ಬಾಯಿಗೆ ನೀರು ಕಮ್ಮಿ ಬಿಡುವ ಏರೇಟರ್ ಹಾಕಿಸಿ ಅಂತ ಆದೇಶ ಬಂತು. ಟ್ಯಾಂಕರ್ ದರಕ್ಕೂ ಜಿಲ್ಲಾಡಳಿತ ಮಿತಿ ಹಾಕಿತು: 12 ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ, ಹತ್ತು ಕಿಲೋಮೀಟರ್ ತನಕ 1,200.

ವರ್ತೂರಿನ ಕಡೆ 96 ಮನೆಗಳ ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕರೆದರು. ಏರೇಟರ್ ಹಾಕಿಸಿ ಆಗಿತ್ತು. ಬಕೆಟ್ ಇಟ್ಟು ನಾನೇ ಅಳೆದೆ, ನಿಮಿಷಕ್ಕೆ 12 ಲೀಟರ್ ಬರುತ್ತಿದ್ದ ನಲ್ಲಿ ನಾಲ್ಕಕ್ಕೆ ಇಳಿದಿತ್ತು. ಆದರೂ ಟ್ಯಾಂಕರ್ ಕಮ್ಮಿಯಾಗಿರಲಿಲ್ಲ. "ಸರ್, ನಮ್ಮಲ್ಲಿ ಎಲ್ಲರೂ ಜಾಗ್ರತೆಯಾಗೇ ಇದ್ದಾರೆ. ನೀರು ಎಲ್ಲಿಗೆ ಹೋಗುತ್ತೆ?" ಅಂತ ಅವರು ಕೇಳಿದರು.

ರಾತ್ರಿ ಒಂದು ಗಂಟೆಗೆ ಟೆರೇಸ್ ಹತ್ತಿದೆ. ಪಂಪ್ ಆಫ್ ಮಾಡಿಸಿ, ಸ್ಟೀಲ್ ಟೇಪಿನಲ್ಲಿ ಟ್ಯಾಂಕಿನ ನೀರಿನ ಮಟ್ಟ ಬರೆದುಕೊಂಡೆ. ವಾಚ್‌ಮನ್ ಅಣ್ಣ ಚಹಾ ತಂದುಕೊಟ್ಟರು. ನಾಲ್ಕು ಗಂಟೆಗೆ ಮತ್ತೆ ಅಳೆದೆ. ಆರು ಸೆಂಟಿಮೀಟರ್ ಇಳಿದಿತ್ತು. ಟ್ಯಾಂಕು ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಅಂದರೆ ಮೂರು ಗಂಟೆಯಲ್ಲಿ 1,200 ಲೀಟರ್. ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಗಂಟೆಗೆ 400 ಲೀಟರ್ ಹೋಗುತ್ತಿತ್ತು. ಇದೇ ಲೆಕ್ಕದಲ್ಲಿ ದಿನಕ್ಕೆ ಒಂಬತ್ತೂವರೆ ಸಾವಿರ, ಹತ್ತಿರ ಹತ್ತಿರ ಒಂದು ಟ್ಯಾಂಕರ್.

ಮೊದಲು ನನಗೆ ಪೈಪಿನ ಮೇಲೆ ಅನುಮಾನ. ಎರಡು ದಿನ ಡಕ್ಟ್‌ಗಳಲ್ಲಿ ತೂರಿ ಹುಡುಕಿದೆವು, ಎಲ್ಲ ಒಣಗಿತ್ತು. ಪ್ಲಂಬರ್ ಕೂಲಿ ನಾಲ್ಕು ಸಾವಿರ ಹೋಯಿತು. ಆಮೇಲೆ ಫ್ಲಶ್ ಟ್ಯಾಂಕ್ ನೆನಪಾಯಿತು. ಒಳಗಿನ ವಾಷರ್ ಸವೆದರೆ ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಲೇ ಇರುತ್ತದೆ. ಅದನ್ನು ಹಿಡಿಯಲು ಟ್ಯಾಂಕಿಗೆ ನಾಲ್ಕು ಹನಿ ಉಜಾಲ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರೆ ಸಾಕು. ಕಮೋಡಿನಲ್ಲಿ ನೀಲಿ ಕಂಡರೆ ಸೋರಿಕೆ. ಆದರೆ ಬಾತ್‌ರೂಮಿಗೆ ನಮ್ಮನ್ನು ಯಾರು ಬಿಡುತ್ತಾರೆ? ಮೊದಲ ದಿನ ಹತ್ತು ಮನೆಯ ಬೆಲ್ ಒತ್ತಿದರೆ ಮೂರು ಬಾಗಿಲು ತೆರೆದವು. ಒಬ್ಬ ಅಜ್ಜಿ "ಯಾರಪ್ಪಾ ನೀವು, ಸೆಕ್ರೆಟರಿ ಕೈಲಿ ಫೋನ್ ಮಾಡಿಸಿ" ಅಂದರು. ಸರಿಯಾದ ಮಾತೇ. ಹಾಗಾಗಿ ಮನೆಯವರೇ ಮಾಡಿಕೊಳ್ಳುವಂತೆ ಬದಲಿಸಿದೆ. ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲಿನ ಕನ್ನಡ ಮೆಸೇಜು ಹಾಕಿ, ಫೋಟೋ ಕಳಿಸಿ ಅಂದೆ. ಆ ಮೆಸೇಜಿನ ಮೊದಲ ಸಾಲಿನಲ್ಲಿ ಏನು ಬರೆದಿದ್ದೆ ಅನ್ನುವುದನ್ನು ನಾನು ಇಟ್ಟುಕೊಳ್ಳುತ್ತೇನೆ. ಅದರಿಂದಲೇ ಎಪ್ಪತ್ತು ಮನೆಗಳು ಒಂದೇ ಭಾನುವಾರ ಫೋಟೋ ಕಳಿಸಿದವು.

31 ಫ್ಲಶ್ ಟ್ಯಾಂಕ್‌ಗಳು ಸೋರುತ್ತಿದ್ದವು. ವಾಷರ್, ಕೂಲಿ ಸೇರಿ 14 ಸಾವಿರ ಖರ್ಚಾಯಿತು. ಮುಂದಿನ ವಾರ ರಾತ್ರಿ ಮತ್ತೆ ಅಳೆದರೆ ಆರು ಸೆಂಟಿಮೀಟರ್ ಇದ್ದದ್ದು ಒಂದೂವರೆಗೆ ಬಂದಿತ್ತು. ತಿಂಗಳಿಗೆ 18 ಟ್ಯಾಂಕರ್ ಉಳಿಯಿತು, ಅಂದರೆ ಸುಮಾರು 21 ಸಾವಿರ. ನನ್ನ ಫೀಸು 15 ಸಾವಿರ, ಕೇಳದೇ ಕೊಟ್ಟರು.

ಹಳೆಯ ಆಫೀಸಿನ ಗೆಳೆಯನಿಗೆ ಹೇಳಿದಾಗ ಅವನು "ಏನ್ ಗುರು, ಐಜಿಬಿಸಿ ಎಪಿ ಮಾಡ್ಕೊಂಡು ಕಮೋಡಿಗೆ ನೀಲಿ ಹಾಕ್ತಿದ್ದೀಯಾ?" ಅಂದ. ನನಗೆ ಬೇಜಾರಾಗಲಿಲ್ಲ. ಯಾಕೆಂದರೆ ಅವನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಆಗ ಗೊತ್ತಾಗಿತ್ತು. ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ಕೂರುವವರು ಹಗಲು ಹೊತ್ತಿನಲ್ಲಿ ಯಾರು? ಆ ಸೆಕ್ರೆಟರಿ ಹೊರವರ್ತುಲ ರಸ್ತೆಯ ಒಂದು ಆಫೀಸ್ ಕಟ್ಟಡದ ಫೆಸಿಲಿಟಿ ಮ್ಯಾನೇಜರ್. ಟ್ರೆಷರರ್ ಇನ್ನೊಂದು ಕಂಪನಿಯ ಅಡ್ಮಿನ್ ಹೆಡ್. ರೆಸ್ಯೂಮ್ ಕಳಿಸಿದಾಗ ಇವರ ಮೇಜಿನ ತನಕ ನಾನು ಹೋಗಲೇ ಇಲ್ಲ. ಅವರ ಮನೆಯ ಟೆರೇಸ್ ಮೇಲಿಂದ ಹೋದೆ.

ಎರಡು ತಿಂಗಳಾದ ಮೇಲೆ ಆ ಸೆಕ್ರೆಟರಿ ತಮ್ಮ ಆಫೀಸಿಗೆ ಕರೆದರು. 1.2 ಲಕ್ಷ ಚದರಡಿಯ ಕಟ್ಟಡ, ಲೀಡ್ ಓ ಪ್ಲಸ್ ಎಂ ಮಾಡಿಸಬೇಕಿತ್ತು. ನಾನು ರೇಟಿಂಗ್ ಮಾತೇ ಎತ್ತಲಿಲ್ಲ, ಮೊದಲು ಬಿಲ್ ಕೇಳಿದೆ. ಕಾಂಟ್ರ್ಯಾಕ್ಟ್ ಡಿಮ್ಯಾಂಡ್, ಅಂದರೆ ಬೆಸ್ಕಾಂ ಜೊತೆ ಒಪ್ಪಂದ ಮಾಡಿಕೊಂಡ ಗರಿಷ್ಠ ಲೋಡ್, 800 ಕೆವಿಎ ಇತ್ತು. ಅರ್ಧ ಜನ ಮನೆಯಿಂದ ಕೆಲಸ ಮಾಡಲು ಶುರು ಮಾಡಿದಮೇಲೆ 470 ದಾಟಿದ ತಿಂಗಳೇ ಇರಲಿಲ್ಲ. ಬಳಸದ ಡಿಮ್ಯಾಂಡಿಗೆ ಎರಡು ವರ್ಷದಿಂದ ದುಡ್ಡು ಕಟ್ಟುತ್ತಿದ್ದರು. ಅರ್ಜಿ ಹಾಕಿ 600ಕ್ಕೆ ಇಳಿಸಿದೆವು. ವರ್ಷಕ್ಕೆ ಆರೇಳು ಲಕ್ಷ ಉಳಿಯುತ್ತದೆ. ಇದರಿಂದ ಒಂದು ಪಾಯಿಂಟೂ ಬರುವುದಿಲ್ಲ, ಒಂದು ಯೂನಿಟ್ ಕರೆಂಟೂ ಉಳಿಯುವುದಿಲ್ಲ. ಆದರೆ ಆಮೇಲೆ ನಾನು ಐದೂವರೆ ಲಕ್ಷ ಫೀಸು ಅಂದಾಗ ಯಾರೂ ಚೌಕಾಸಿ ಮಾಡಲಿಲ್ಲ. ಬಿಲ್ಡರ್ ಕಲಿಸಿದ ಪಾಠ ಇಲ್ಲಿ ಬಳಸಿದೆ: ಫೀಸು ಕಂತುಗಳಲ್ಲಿ, ಶೇಕಡಾ 30, 30, 30, ಕೊನೆಗೆ 10. ಮೂರನೇ ಕಂತು ದಾಖಲೆ ಸಲ್ಲಿಸುವ ಹಿಂದಿನ ದಿನ ಬರಬೇಕು. ರೇಟಿಂಗ್ ಫಲಕ ಬಂದಮೇಲೆ ಅಂತ ಯಾವ ದೊಡ್ಡ ಮೊತ್ತವನ್ನೂ ಉಳಿಸಿಕೊಳ್ಳಬೇಡಿ.

ಅದೇ ಕಟ್ಟಡದಲ್ಲಿ ಜೊತೆಗೆ ಒಂದು ಸಣ್ಣ ಪ್ರಯೋಗ ಮಾಡಿದೆ. ಡೊಮ್ಲೂರಿನ ಟೆರಿ ಸಂಶೋಧನಾ ಸಂಸ್ಥೆಯ ಕಟ್ಟಡ ನೋಡಿ ಈ ಕ್ಷೇತ್ರದ ಮೇಲೆ ಆಸೆ ಹುಟ್ಟಿಸಿಕೊಂಡವನು ನಾನು. ಅಲ್ಲಿ ದಕ್ಷಿಣಕ್ಕೆ ನಾರುವ ಚರಂಡಿ ಇದೆ ಅಂತ ಆ ಕಡೆ ಮುಚ್ಚಿ, ಜೋಡಿ ಗೋಡೆಯ ನಡುವೆ ಬಿಸಿಗಾಳಿ ಮೇಲೇರುವಂತೆ ಮಾಡಿ, ಉತ್ತರದ ಗಾಳಿಯನ್ನು ಒಳಗೆ ಎಳೆದಿದ್ದಾರೆ. ನಮ್ಮೂರಿನ ಹವೆಗೆ ಅದು ಸಾಕು. ಆದರೆ ಈ ಆಫೀಸಿನ ಮೀಟಿಂಗ್ ರೂಮಿಗೆ ಕಿಟಕಿಯೇ ಇಲ್ಲ, ಸ್ಪ್ಲಿಟ್ ಎಸಿ ಒಂದೇ. ಒಂಬತ್ತು ಸಾವಿರ ಕೊಟ್ಟು ತಂದ ಸಿಓ2 (ನಾವು ಉಸಿರು ಬಿಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್) ಮೀಟರನ್ನು ಮೇಜಿನ ಮೇಲಿಟ್ಟೆ. ಹನ್ನೆರಡು ಜನ, ಬಾಗಿಲು ಮುಚ್ಚಿದೆ, ಮುಕ್ಕಾಲು ಗಂಟೆಯಲ್ಲಿ 1,900 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ತೋರಿಸಿತು. ಹೊರಗೆ 420. ತಾಜಾ ಗಾಳಿಯ ಫ್ಯಾನಿಗೆ ಆ ಮೀಟಿಂಗಿನಲ್ಲೇ ಒಪ್ಪಿಗೆ ಸಿಕ್ಕಿತು.

ನಮ್ಮ ಮನೆಯ ಟೆರೇಸಿಗೂ ಬಿಳಿ ಪೇಂಟ್ ಹೊಡೆಸಿ ನೋಡಿದ್ದೇನೆ. ಏಪ್ರಿಲ್ ಮಧ್ಯಾಹ್ನ ಬರೀ ಕಾಂಕ್ರೀಟ್ 54 ಡಿಗ್ರಿ, ಬಿಳಿ ಭಾಗ 38. ಮೊದಲ ಮಳೆಗಾಲ ಕಳೆದ ಮೇಲೆ ಧೂಳು, ಪಾಚಿ ಕೂತಿತು. ಮುಂದಿನ ಬೇಸಿಗೆಗೆ ಅದೇ ಬಿಳಿ ಭಾಗ 45 ತೋರಿಸಿತು. ತೊಳೆದರೆ ಮತ್ತೆ ಇಳಿಯುತ್ತದೆ. ಸಂಡಿಗೆ ಮೊದಲಿನಷ್ಟು ಬೇಗ ಒಣಗುತ್ತಿಲ್ಲ ಅಂತ ಅಮ್ಮ ಹೇಳಿದರು. ಒಂದು ಮೂಲೆಯನ್ನು ಅವರಿಗಾಗಿ ಪೇಂಟ್ ಇಲ್ಲದೆ ಬಿಟ್ಟೆ. ಗಿರಾಕಿಗಳಿಗೆ ಈ ಪೇಂಟ್ ಹೇಳುವಾಗ ವರ್ಷಕ್ಕೊಮ್ಮೆ ತೊಳೆಯುವ ಖರ್ಚನ್ನೂ ಸೇರಿಸಿಯೇ ಹೇಳುತ್ತೇನೆ.

ಇನ್ನು ಯಾವ ಪರೀಕ್ಷೆ ಬರೆಯಬೇಕು ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ನೇರವಾಗಿದೆ. ನನ್ನ ದಾರಿಯಲ್ಲಿ ಬರುವುದಾದರೆ, ಒಂದು ರೇಟಿಂಗ್ ಕ್ರೆಡೆನ್ಷಿಯಲ್ ಇದ್ದಮೇಲೆ ಎರಡನೆಯದಕ್ಕೆ ಓಡುವ ಬದಲು ಬಿಇಇಯ (ಕೇಂದ್ರದ ಇಂಧನ ದಕ್ಷತಾ ಬ್ಯೂರೋ) ಎನರ್ಜಿ ಆಡಿಟರ್ ಓದಿ. ನಾಲ್ಕು ಪೇಪರ್. ಬಾಯ್ಲರ್, ಫರ್ನೇಸ್ ಎಲ್ಲ ಬರುತ್ತದೆ, ಕಷ್ಟ. ಆದರೆ ಪಂಪು, ಎಸಿಗೆ ನೀರು ತಣ್ಣಗೆ ಮಾಡುವ ಚಿಲ್ಲರ್, ಮೋಟಾರಿನ ಮುಂದೆ ನಿಂತಾಗ ಮಾತು ಬರುವುದು ಅದರಿಂದ. ಮೂರು ಪೇಪರ್ ಆಗಿವೆ, ಒಂದು ನನಗೂ ಬಾಕಿ ಇದೆ. ಸರ್ಕಾರಿ ಕಟ್ಟಡಗಳ ಕಡೆ ಹೋಗುವವರಿಗೆ ಮಾತ್ರ 'ಗೃಹ' ಅನ್ನುವ ದೇಶೀ ಹಸಿರು ಕಟ್ಟಡ ರೇಟಿಂಗ್ ಬೇಕಾಗುತ್ತದೆ.

ಸಲಕರಣೆಗೆ ಜಾಸ್ತಿ ಸುರಿಯಬೇಡಿ. ಸ್ಟೀಲ್ ಟೇಪ್, ಬಕೆಟ್, ಕ್ಲ್ಯಾಂಪ್ ಮೀಟರ್, ಇನ್‌ಫ್ರಾರೆಡ್ ಗನ್, ಸಿಓ2 ಮೀಟರ್. ನನ್ನದು ಎಲ್ಲ ಸೇರಿ 22 ಸಾವಿರ. ಪೈಪಿನ ಮೇಲಿಟ್ಟು ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಬೇಕಾದಾಗ ಬಾಡಿಗೆಗೆ ತರುತ್ತೇನೆ. ಬಿಲ್‌ಗಳನ್ನು ಒಂದು ಹಾಳೆಗೆ ಇಳಿಸುವ ನನ್ನದೇ ಒಂದು ಕ್ರಮ ಇದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮೂರು ಕಮಿಟಿಗಳಲ್ಲಿ ಹಾಳೆ ಹರಿದು ಬರೆದು ನೀವೇ ಕಂಡುಕೊಳ್ಳುತ್ತೀರಿ.

ಈಗ ಕೈಯಲ್ಲಿರುವ ತಲೆನೋವು ಬೇರೆ. ಮೂರನೇ ಆಫೀಸ್ ಕಟ್ಟಡದಲ್ಲಿ ಎಸ್‌ಟಿಪಿ ನೀರನ್ನು (ಸಂಸ್ಕರಿಸಿದ ಕೊಳಚೆ ನೀರು) ಎಸಿಯ ಬಿಸಿಯನ್ನು ಹೊರಹಾಕುವ ಕೂಲಿಂಗ್ ಟವರಿಗೆ ಕೊಡಲು ಹೊರಟಿದ್ದೇನೆ. ಅವರ ಚಿಲ್ಲರ್ ಕಂಪನಿಯವನು ಬೇಡವೇ ಬೇಡ ಅಂತಾನೆ. ಮೊದಲ ಸಲ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) 900ರ ಮೇಲಿತ್ತು, ಆರು ವಾರದಲ್ಲಿ ಟವರಿನೊಳಗೆ ನೀರನ್ನು ಹರಡುವ ಫಿಲ್‌ಗಳ ಮೇಲೆ ಬಿಳಿ ಪದರ ಕಟ್ಟಿ, ಬಿಚ್ಚಿ ತೊಳೆಸಲು 38 ಸಾವಿರ ನನ್ನ ಕೈಯಿಂದಲೇ ಕೊಟ್ಟೆ. ಈಗ ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಹಾಕಿ, ಟೆರೇಸಿನ ಮಳೆನೀರನ್ನು ಮೂರರಲ್ಲಿ ಒಂದು ಪಾಲು ಬೆರೆಸಿ ಬಿಡುತ್ತಿದ್ದೇವೆ. ಹತ್ತೊಂಬತ್ತು ದಿನವಾಯಿತು. ಪ್ರತಿ ಬೆಳಿಗ್ಗೆ ಏಳಕ್ಕೆ ಆಪರೇಟರ್ ಫಿಲ್‌ನ ಫೋಟೋ ಕಳಿಸುತ್ತಾರೆ. ಇವತ್ತಿನದರಲ್ಲೂ ಪದರ ಕಾಣಲಿಲ್ಲ.