ಕಥೆಯ ಕೊನೆಯ ತಿರುವು ಕೂರಬೇಕಾದರೆ ಕೊನೆಯ ಸಾಲಿನಿಂದ ಶುರುಮಾಡಿ

ಕಲಬುರಗಿಯಿಂದ ಸೇಡಂಗೆ ಹೊರಟ ಬಸ್ಸಿನಲ್ಲಿ ನಡೆಯುವ, 500 ಪದದ ಕಥೆ ಎಂದುಕೊಳ್ಳಿ. ಅಜ್ಜಿಯೊಬ್ಬಳು ಪಕ್ಕದ ಸೀಟಿಗೆ ಟವೆಲ್ ಹಾಕಿ ಕೂತಿದ್ದಾಳೆ. ಕೇಳಿದವರಿಗೆಲ್ಲ "ಮಳಖೇಡದಾಗ ಹತ್ತತಾರ್ರೀ" ಅನ್ನುತ್ತಾಳೆ. ಹತ್ತುವವಳು ಅವಳ ಹಿರಿಯ ವಾರಗಿತ್ತಿ. ಇಬ್ಬರೂ ಹಂಚಿಕೊಂಡು ರೊಟ್ಟಿ ತಿಂದು, ಸೇಡಂನಲ್ಲಿ ಇಳಿದು, ಹೊಲದ ದಾವೆಗೆ ಕೋರ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ.

ಆ ನಿಲ್ಲುವ ಸಾಲನ್ನೇ ಮೊದಲು ಬರೆದಿಟ್ಟುಕೊಳ್ಳಿ. ಸೀಟು ಹಿಡಿದದ್ದು ಗಂಡನಿಗೆ, ಆ "ಗಂಡ ಎಂದೋ ಸತ್ತಿದ್ದ" ಎಂದು ಮುಗಿಸಲೇಬೇಡಿ. ಟವೆಲ್ ಕಂಡ ಕೂಡಲೇ ಓದುಗ ಅಷ್ಟು ಊಹಿಸಿರುತ್ತಾನೆ. ತಲೆಗೆ ಮೊದಲು ಹೊಳೆದ ಅಂತ್ಯ ಅವನಿಗೂ ಮೊದಲೇ ಹೊಳೆದಿರುತ್ತದೆ.

ಸುಳಿವು ಎರಡು ಸಾಕು. ಅಜ್ಜಿ ಕಂಡಕ್ಟರನನ್ನು "ಹನ್ನೊಂದರ ಒಳಗ ಮುಟ್ತದೇನಪ್ಪಾ?" ಎಂದು ಕೇಳಲಿ. ದವಾಖಾನೆಗೆ ಹೊರಟಿದ್ದಾಳೆ ಎಂದುಕೊಳ್ಳಬಹುದು, ಕೋರ್ಟಿಗೂ ಅದೇ ಹೊತ್ತು. ಎರಡನೆಯದು ಅವಳ ಚೀಲದಲ್ಲಿದೆ: ರೊಟ್ಟಿ ಗಂಟು, ಕಾಗದದ ಕಟ್ಟು, ಶೇಂಗಾ ಹಿಂಡಿ. ಕಾಗದ ನಡುವೆಯೇ ಇರಲಿ, ಪ್ಯಾರಾದ ಕೊನೆಗೆ ಇಟ್ಟರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ಇಲ್ಲಿ ನಿಜವಾದ ಕೆಲಸ ಮಾಡುವುದು ಆ "ಹತ್ತತಾರ್ರೀ". ಗೌರವದ ಬಹುವಚನದಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಯಾರು ಎಂದು ಹೇಳದಿದ್ದರೂ ಕನ್ನಡದ ವಾಕ್ಯ ನಡೆಯುತ್ತದೆ. ಸುಳ್ಳಾಡದೆ ಮುಚ್ಚಿಡಲು ಇಷ್ಟು ಸಾಕು. ನಿರೂಪಕನೇ "ಗಂಡನಿಗೆ ಕಾಯುತ್ತಿದ್ದಳು" ಎಂದು ಬರೆದರೆ ಅದು ಮೋಸ.

ತಿರುವಿನ ನಂತರ ಎರಡು ಸಾಲಿಗಿಂತ ಹೆಚ್ಚು ಬೇಡ. "ದ್ವೇಷದಲ್ಲೂ ಪ್ರೀತಿ ಇತ್ತು" ಎಂದು ಬಿಡಿಸಿ ಹೇಳಿದಿರೋ, ಮುಗಿಯಿತು ಕಥೆ. ಬರೆದದ್ದನ್ನು ಕೊನೆಯ ಪ್ಯಾರಾ ಮುಚ್ಚಿ ಯಾರಿಗಾದರೂ ಓದಲು ಕೊಡಿ. ಅಂತ್ಯವನ್ನು ಸರಿಯಾಗಿ ಹೇಳಿದರೆ ಒಂದು ಸುಳಿವು ತೆಗೆಯಿರಿ. ಪೂರ್ತಿ ಓದಿಯೂ "ಅದ್ಹೆಂಗ?" ಎಂದರೆ ಒಂದು ಸೇರಿಸಿ.

ಕವಿತೆಯಲ್ಲಿ ಇಷ್ಟೆಲ್ಲ ಜಾಗವಿಲ್ಲ, ಪದ ಕೂರುವ ಜಾಗವೇ ಎಲ್ಲ. ಉರ್ದು ಕವಿಗೋಷ್ಠಿ ಮುಷಾಯಿರಾದಲ್ಲಿ ಶಾಯರ ಮೊದಲ ಸಾಲನ್ನು ಎರಡೆರಡು ಸಲ ಓದಿ ಕೇಳುಗರನ್ನು ಕಾಯಿಸುತ್ತಾನಲ್ಲ, ಆ ಕಾಯುವಿಕೆ ಬೇಕು:

ಮಳೆ ಬಾ ಎಂದು ಊರಿಗೆ ಊರೇ ಕೈಮುಗಿದಿತ್ತು
ಮೊದಲ ಹನಿ ಬಿದ್ದದ್ದೇ ತಡ, ಕೊಡೆ ಬಿಚ್ಚಿತ್ತು

"ಕೊಡೆ ಬಿಚ್ಚಿತ್ತು, ಮೊದಲ ಹನಿ ಬಿದ್ದದ್ದೇ ತಡ" ಎಂದು ತಿರುಗಿಸಿ ನೋಡಿ. ಅರ್ಥ ಅದೇ, ನಗು ಮಾತ್ರ ಬರುವುದಿಲ್ಲ.