ಮಡ್ಡಿಯ ಹುಲ್ಲಿನ ಬುಡ ನೋಡಿದ ಅನುಭವ

ಕೊಪ್ಪಳ ಜಿಲ್ಲೆಯ ಕನಕಗಿರಿ ಕಡೆಯ ಒಂದು ಮಡ್ಡಿಯಲ್ಲಿ, ಅಂದರೆ ಕಲ್ಲು, ಕುರುಚಲು ತುಂಬಿದ ಹುಲ್ಲುನೆಲದಲ್ಲಿ, ನಾನು ಮೊದಲ ಸಲ ಹುಲ್ಲಿನ ಸಮೀಕ್ಷೆ ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಮಳೆ ಚೆನ್ನಾಗಿ ಬಿದ್ದಿತ್ತು. ಕಲ್ಲಿನ ಸಂದಿಯಲ್ಲೂ ಹಸಿರು. "ಸ್ಥಿತಿ ಉತ್ತಮ" ಅಂತ ಬರೆದುಕೊಂಡು ಹೊರಟಿದ್ದೆ. ಅಲ್ಲೇ ಕುರಿ ಬಿಟ್ಟಿದ್ದ ಅಜ್ಜ ಒಬ್ಬರು, "ಏನ್ ಬರಕೊಂಡಿ ತಮ್ಮಾ?" ಅಂತ ಕೇಳಿದರು. ಹೇಳಿದೆ. ಅವರು ಬಗ್ಗಿ ಎರಡು ಬೆರಳಲ್ಲಿ ಒಂದು ಹುಲ್ಲು ಎಳೆದರು. ಬೇರು ಸಮೇತ ಸುಮ್ನೆ ಬಂದುಬಿಟ್ಟಿತು. "ಇದು ದೀಪಾವಳಿ ಆದಮ್ಯಾಲ ಇರಂಗಿಲ್ಲ. ಒಣಗಿದರ ಕುರಿ ಬಾಯಿ ಹಾಕಂಗಿಲ್ಲ. ಹಸರ ಇದ್ದದ್ದೆಲ್ಲಾ ಮೇವಲ್ಲ."

ಜನವರಿಯಲ್ಲಿ ಮತ್ತೆ ಹೋದಾಗ ಅಜ್ಜನ ಮಾತೇ ನಿಜವಾಗಿತ್ತು. ಬಹುಪಾಲು ಬರಿ ಮಸಾರಿ (ಕೆಂಪು ಮಣ್ಣಿನ) ನೆಲ, ಗಾಳಿ ಬೀಸಿದರೆ ಧೂಳು. ಅಂದಿನಿಂದ ವರ್ಷಕ್ಕೆ ಎರಡು ಸಲ ಅಳೆಯುತ್ತೇನೆ. ಹುಲ್ಲು ತೆನೆ ಬಿಟ್ಟಿರುವ ಅಕ್ಟೋಬರ್‌ನಲ್ಲಿ ಒಮ್ಮೆ, ಎಲ್ಲ ಒಣಗಿದ ಫೆಬ್ರವರಿಯಲ್ಲಿ ಒಮ್ಮೆ. ತೆನೆ ಇಲ್ಲದೆ ಹುಲ್ಲಿನ ಜಾತಿ ಗುರುತಿಸುವುದು ಕಷ್ಟ. ಬೇಸಿಗೆ ಹತ್ತಿರ ಬಾರದೆ ನೆಲದ ನಿಜವಾದ ಸ್ಥಿತಿ ಕಾಣುವುದಿಲ್ಲ.

ಸಾಮಾನು ಜಾಸ್ತಿ ಬೇಕಿಲ್ಲ. 50 ಮೀಟರ್ ಟೇಪು, ಒಂದು ಸೈಕಲ್ ಕಡ್ಡಿ. ಟೇಪು ಎಳೆದು, ಅರ್ಧ ಮೀಟರಿಗೊಮ್ಮೆ ಕಡ್ಡಿಯನ್ನು ನೆಟ್ಟಗೆ ಇಳಿಸುತ್ತೇನೆ. ತುದಿ ಮುಟ್ಟಿದ್ದು ಹುಲ್ಲಿನ ಬುಡವೋ, ಉದುರಿದ ತರಗೋ, ಕಲ್ಲೋ, ಬರಿ ಮಣ್ಣೋ ಅಂತ ಬರೆಯುತ್ತೇನೆ. 100 ಸಲ ಇಳಿಸಿದರೆ ಶೇಕಡಾ ಲೆಕ್ಕ ತಾನಾಗಿಯೇ ಸಿಗುತ್ತದೆ. ಸಾಲಿನ ಎರಡೂ ತುದಿಗೆ ಸುಣ್ಣ ಬಳಿದ ಕಲ್ಲು ಇಟ್ಟಿದ್ದೇನೆ, ಮುಂದಿನ ವರ್ಷ ಅದೇ ಜಾಗ ಸಿಗಬೇಕಲ್ವಾ?

ಇದರಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಬುಡಕ್ಕೆ. ಸೆಹಿಮಾ, ಡೈಕ್ಯಾಂಥಿಯಂ, ಕ್ರೈಸೋಪೋಗಾನ್ ಇವು ವರ್ಷಗಟ್ಟಲೆ ಬದುಕುವ ಹುಲ್ಲುಗಳು, ಗುಂಪಾಗಿ ಬೆಳೆಯುತ್ತವೆ. ಮೇಯಿಸುವುದು ಅತಿಯಾದರೆ ಮೊದಲು ಹೋಗುವುದು ಇವೇ. ಆ ಜಾಗಕ್ಕೆ ಅರಿಸ್ಟಿಡಾದಂಥ ಒಂದೇ ಮಳೆಗಾಲದ ಹುಲ್ಲು ಬರುತ್ತದೆ. ಕುರಿ ಮುಟ್ಟದ ತಂಗಡಿ ಗಿಡವೂ ಹಬ್ಬುತ್ತದೆ. ಹಳೇ ಗುಂಪಿನ ಬುಡ ಬಿಡಿಸಿ ನೋಡಿದರೆ ಒಣಗಿದ ಕಡ್ಡಿಗಳ ನಡುವೆ ಸೂಜಿಯಷ್ಟು ದಪ್ಪದ ತಿಳಿಹಸಿರು ಕುಡಿ ಕಾಣುತ್ತದೆ. ಬೇಸಿಗೆಯಲ್ಲಿ ಅದು ಕಂಡರೆ ನನಗೆ ಎಲ್ಲಿಲ್ಲದ ಸಮಾಧಾನ.

ಮಣ್ಣಿಗೆ ಒಂದು ಸುಲಭ ಪರೀಕ್ಷೆ ಇದೆ. ಹುಲ್ಲಿನ ಬುಡದಿಂದ ಅಡಿಕೆ ಗಾತ್ರದ ಒಂದು ಒಣ ಹೆಂಟೆ, ಬರಿ ನೆಲದಿಂದ ಇನ್ನೊಂದು. ಎರಡು ಗ್ಲಾಸ್ ನೀರಿಗೆ ನಿಧಾನ ಬಿಡಬೇಕು. ನಮ್ಮ ಮಡ್ಡಿಯಲ್ಲಿ ಬರಿ ನೆಲದ ಹೆಂಟೆ ಬುಸ್ ಅಂತ ಗುಳ್ಳೆ ಬಿಟ್ಟು ಕ್ಷಣದಲ್ಲಿ ರಾಡಿಯಾಯಿತು. ಬುಡದ ಹೆಂಟೆ ನಾನು ಚಹಾ ಕುಡಿದು ಮುಗಿಸುವ ತನಕ ಹಾಗೇ ಕೂತಿತ್ತು. ಅದನ್ನು ಹಿಡಿದಿಡುವುದು ನೂಲಿನಂಥ ಬೇರು, ಕೊಳೆತ ತರಗು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆ ಇದು. ಬಿದ್ದ ನೀರು ಇಂಗುತ್ತದೋ, ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತದೋ ಎಂಬುದು ಆ ಗ್ಲಾಸಿನಲ್ಲೇ ಗೊತ್ತಾಗುತ್ತದೆ.

ಬಳ್ಳಾರಿ ಜಾಲಿಯನ್ನು ಬೇರೆಯೇ ಎಣಿಸುತ್ತೇನೆ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮ ಕಡೆಯ ಊರಿನ ಹೆಸರು ಅಂಟಿಕೊಂಡಿದೆ, ಅಷ್ಟು ಹಬ್ಬಿದೆ ಅದು. ದೊಡ್ಡ ಮರಗಳಿಗಿಂತ ಮೊಣಕಾಲೆತ್ತರದ ಸಸಿಗಳೇ ನನ್ನ ಚಿಂತೆ. ಕುರಿ, ಮೇಕೆ ಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಬಿಡುತ್ತವೆ. ಹಟ್ಟಿ ಹಾಕಿದ ಜಾಗದ ಸುತ್ತ ಸಸಿ ಎಣಿಸಿದರೆ ಐದಾರು ವರ್ಷದ ಮುಂದಿನ ಮಡ್ಡಿ ಹೇಗಿರುತ್ತದೆ ಅಂತ ಅಂದಾಜು ಸಿಗುತ್ತದೆ.

ಹಕ್ಕಿ ಎಣಿಕೆಯಲ್ಲಿ ಒಂದು ಎಚ್ಚರ ಬೇಕು. ಜಾಲಿ ಬೆಳೆದ ಕಡೆ ಪಿಕಳಾರ, ಮೈನಾ ಸೇರಿ ಜಾತಿಗಳ ಸಂಖ್ಯೆ ಏರಿದಂತೆ ಕಂಡಿತು. ಆದರೆ ನೆಲದಲ್ಲಿ ಗೂಡು ಮಾಡುವ ನೆಲಗುಬ್ಬಿ, ಕೌಜುಗ ಅಲ್ಲಿ ಇರಲಿಲ್ಲ. ಹುಲ್ಲುಗಾವಲಿಗೆ ಬೇಕಾದ ಹಕ್ಕಿ ಯಾವುದು ಅಂತ ನೋಡದೆ ಒಟ್ಟು ಸಂಖ್ಯೆ ಬರೆದರೆ ಹಾಳಾದ ಜಾಗಕ್ಕೇ ಜಾಸ್ತಿ ಅಂಕ ಸಿಗುತ್ತದೆ.

ಕಾಗದದ ಮೇಲೆ ಇಂಥ ಮಡ್ಡಿಗಳಿಗೆ "ಬಂಜರು" ಅಂತ ಹೆಸರು. ಆ ಹೆಸರಿಗೇ ನಮ್ಮ ಮಡ್ಡಿಯ ಒಂದು ಮೂಲೆ ಬಲಿಯಾಯಿತು. ಗಿಡ ನೆಡುತ್ತೇವೆ ಅಂತ ಬಂದವರು ಜೆಸಿಬಿಯಿಂದ ಸಾಲು ಸಾಲು ಗುಂಡಿ ತೋಡಿದರು. ಹಳೇ ಹುಲ್ಲಿನ ಗುಂಪುಗಳು ಮಣ್ಣಿನ ಗುಡ್ಡೆಯ ಕೆಳಗೆ ಹೋದವು. ಎರಡನೇ ಬೇಸಿಗೆಗೆ ಸಸಿಗಳೂ ಒಣಗಿದವು. ಇದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಇಂಥದ್ದೇ ಕುರುಚಲು, ಹುಲ್ಲಿನ 332 ಹೆಕ್ಟೇರನ್ನು ತೋಳಧಾಮ ಅಂತ ಕಾಪಾಡುತ್ತಿದ್ದಾರೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಗುಂಡಿಗಳನ್ನು ಹಾದುಹೋಗುವಂತೆ ಈಗ ಒಂದು ಕಾಯಂ ಸಾಲು ಹಾಕಿದ್ದೇನೆ. ಹೋದ ಅಕ್ಟೋಬರ್‌ನಲ್ಲಿ ಎರಡು ಗುಂಡಿಗಳ ಅಂಚಿನಲ್ಲಿ ಹಳೇ ಸೆಹಿಮಾ ಬುಡದಿಂದ ಕುಡಿ ಒಡೆದಿತ್ತು. ಅಜ್ಜನನ್ನು ಕರೆದು ತೋರಿಸಿದೆ. ಅವರು ಕೂತು, ಬುಡ ಬಿಡಿಸಿ, ಬೆರಳಲ್ಲಿ ಎಳೆದು ನೋಡಿದರು. ಕೀಳಲಿಲ್ಲ. ಉಳಿದ ಗುಂಡಿಗಳಲ್ಲಿ ಇನ್ನೂ ಕಾಂಗ್ರೆಸ್ ಕಸವೇ ಇದೆ.