ಊರು ಬದಲಿಸುವ ಮುನ್ನ: ಕಾರಿಗೆ ಮೊದಲ ಜಿಪಿಎಸ್ ಆರಿಸುವವರಿಗೆ

ಅಮೆರಿಕದಲ್ಲಿ ನ್ಯೂಜೆರ್ಸಿ ಬಿಟ್ಟು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊರಟವರು, ಬಾಸ್ಟನ್‌ನಲ್ಲಿ ಓದು ಮುಗಿಸಿ ಸಿಯಾಟಲ್‌ನಲ್ಲಿ ಕೆಲಸ ಹಿಡಿದವರು ನಮ್ಮನ್ನು ಮೊದಲು ಕೇಳುವುದು ಇದನ್ನೇ: ಫೋನ್ ಇದೆಯಲ್ಲ, ಬೇರೆ ಜಿಪಿಎಸ್ ಯಾಕೆ? ಊರೊಳಗಿನ ಓಡಾಟಕ್ಕೆ ಖಂಡಿತ ಬೇಡ. ಆದರೆ ದೇಶದ ಆಚೆ ದಡಕ್ಕೆ ಒಯ್ಯುವ ಐ-80 ಹೆದ್ದಾರಿಯ (‘ಐ’ ಎಂದರೆ ಇಂಟರ್‌ಸ್ಟೇಟ್, ರಾಜ್ಯಗಳನ್ನು ದಾಟುವ ಹೆದ್ದಾರಿ) ಉದ್ದ ಸುಮಾರು 2,900 ಮೈಲಿ, ಐ-90ರದು 3,000ಕ್ಕೂ ಮಿಕ್ಕಿ. ಅಷ್ಟು ದೂರಕ್ಕೆ ದಾರಿ ತೋರಿಸುವ ಎರಡು ಸಾಧನ ಬೇಕು. ಒಂದು ಯಾವ ಕಾರಣಕ್ಕೆ ಕೈಕೊಡುತ್ತದೋ ಅದೇ ಕಾರಣಕ್ಕೆ ಇನ್ನೊಂದು ಕೈಕೊಡಬಾರದು. ಗಂಡನ ಫೋನು, ಹೆಂಡತಿಯ ಫೋನು, ಎರಡಕ್ಕೂ ಒಂದೇ ಕಂಪನಿಯ ಸಿಮ್ ಇದ್ದರೆ ಅದು ಎರಡು ಸಾಧನ ಆಗುವುದಿಲ್ಲ.

ಸಿಗ್ನಲ್ ಹೋದರೆ ಫೋನಿನ ಜಿಪಿಎಸ್ ನಿಂತುಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಫೋನು ನೇರವಾಗಿ ಉಪಗ್ರಹಗಳಿಂದಲೇ ಸ್ಥಳ ತಿಳಿಯಬಲ್ಲದು. ಕನಿಷ್ಠ ನಾಲ್ಕು ಉಪಗ್ರಹ ಕಂಡರೆ ಸಾಕು. ಇಲ್ಲವಾಗುವುದು ಮ್ಯಾಪು. ನೀಲಿ ಚುಕ್ಕೆ ಸರಿಯಾಗಿಯೇ ಓಡುತ್ತಿರುತ್ತದೆ, ಸುತ್ತ ಮಾತ್ರ ಬರೀ ಬೂದು ಬಣ್ಣ. ಮೊದಲೇ ಹಾಕಿಕೊಂಡ ದಾರಿ ಸಾಮಾನ್ಯವಾಗಿ ಉಳಿದಿರುತ್ತದೆ. ನೆವಾಡಾದಲ್ಲೋ ವಯೋಮಿಂಗ್‌ನಲ್ಲೋ ಪೆಟ್ರೋಲಿಗೆಂದು ತಪ್ಪು ಎಕ್ಸಿಟ್ ಹಿಡಿದಾಗ ಹೊಸ ದಾರಿ ಲೆಕ್ಕ ಹಾಕಲು ಅದಕ್ಕೆ ಬರುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಅಲ್ಲಿ. ಕಾರಿನ ಜಿಪಿಎಸ್‌ನಲ್ಲಿ ಇಡೀ ಉತ್ತರ ಅಮೆರಿಕದ ಮ್ಯಾಪ್ ಒಳಗೇ ಇರುವುದರಿಂದ ಈ ತೊಂದರೆ ಇಲ್ಲ.

ಕೊಳ್ಳುವುದಾದರೆ ಗಾರ್ಮಿನ್ ಕಂಪನಿಯ ಡ್ರೈವ್‌ಸ್ಮಾರ್ಟ್ ಸರಣಿಯ 6 ಇಂಚಿನದು ಸಾಕು. 8 ಇಂಚಿನದು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಚಿಕ್ಕ ಕಾರಿನಲ್ಲಿ ರಸ್ತೆಯನ್ನೇ ಮರೆಮಾಡುತ್ತದೆ. ಗಾರ್ಮಿನ್‌ನದೇ ಹಳೆಯ ಸರಣಿ ನುವಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮಾಡೆಲ್ ಸಂಖ್ಯೆಯ ಕೊನೆ ನೋಡಿ: ‘ಎಲ್‌ಎಂ’ ಎಂದಿದ್ದರೆ ಕಂಪನಿ ಹೊರತರುವಷ್ಟು ಕಾಲ ಮ್ಯಾಪ್ ಅಪ್‌ಡೇಟ್ ಉಚಿತ, ‘ಟಿ’ ಇದ್ದರೆ ಟ್ರಾಫಿಕ್ ಸೌಲಭ್ಯವೂ ಉಂಟು. ಅವು ಇಲ್ಲದ ಅಗ್ಗದ ಸಾಧನಕ್ಕೆ ಹೊಸ ಮ್ಯಾಪ್ ಬೇಕೆಂದರೆ ಮತ್ತೆ ದುಡ್ಡು ಸುರಿಯಬೇಕು. ತೀರಾ ಹಳೆಯದಾದರೆ ಆನ್ ಮಾಡಿ ತಾರೀಕು ನೋಡಿ. ತಾರೀಕಿಗಾಗಿ ಉಪಗ್ರಹಗಳು ಇಡುವ ವಾರಗಳ ಎಣಿಕೆ ಮಿತಿ ಮುಟ್ಟಿ 2019ರ ಏಪ್ರಿಲ್ 6ರಂದು ಮತ್ತೆ ಸೊನ್ನೆಗೆ ಬಂತು. ಅಪ್‌ಡೇಟ್ ಕಾಣದ ಸಾಧನಗಳು ಅಂದಿನಿಂದ ತಪ್ಪು ತಾರೀಕು ತೋರಿಸುವುದುಂಟು.

ಮ್ಯಾಪ್ ಅಪ್‌ಡೇಟನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಲ್ಯಾಪ್‌ಟಾಪಿನಲ್ಲಿ ಗಾರ್ಮಿನ್ ಎಕ್ಸ್‌ಪ್ರೆಸ್ ಎಂಬ ಅಪ್‌ಡೇಟ್ ತಂತ್ರಾಂಶ ಹಾಕಿ, ಕೇಬಲ್ ಜೋಡಿಸಿ, ಕೆಲವು ಗಂಟೆ ಬಿಟ್ಟುಬಿಡಿ. ಹಳೆಯ ಸಾಧನದಲ್ಲಿ ಜಾಗ ಸಾಲದಿದ್ದರೆ ಮೈಕ್ರೋ ಎಸ್‌ಡಿ ಕಾರ್ಡ್ ಕೇಳುತ್ತದೆ, ಒಂದನ್ನು ಮೊದಲೇ ತಂದಿಡಿ. ನಡುವೆ ಕೇಬಲ್ ಕಿತ್ತರೆ ಮ್ಯಾಪ್ ಕೆಡುತ್ತದೆ. ತಿಂಗಳುಗಟ್ಟಲೆ ಆಫ್ ಆಗಿದ್ದ ಸಾಧನಕ್ಕೆ ಮೊದಲ ಸಲ ಉಪಗ್ರಹ ಹಿಡಿಯಲು ಹಲವು ನಿಮಿಷ ಬೇಕು. ಗ್ಯಾರೇಜಿನಿಂದ ಹೊರಗೆ ತಂದು, ತೆರೆದ ಆಕಾಶದ ಕೆಳಗೆ ಕಾರು ನಿಲ್ಲಿಸಿ ಕಾಯಿರಿ.

ಸೆಟ್ಟಿಂಗ್‌ಗಳಲ್ಲಿ ಮೊದಲ ಕೆಲಸ ಮಣ್ಣು ರಸ್ತೆ ಬೇಡ ಎಂದು ಗುರುತು ಹಾಕುವುದು. ಕೊಲರಾಡೋದಲ್ಲಿ ಐ-70ರ ಗ್ಲೆನ್‌ವುಡ್ ಕಣಿವೆ ಮುಚ್ಚಿದಾಗಲೆಲ್ಲ ಜಿಪಿಎಸ್ ನಂಬಿದವರು ಕಾಟನ್‌ವುಡ್ ಪಾಸ್ ಎಂಬ ಬೆಟ್ಟದ ದಾರಿಯ ಕಿರಿದಾದ ಕೌಂಟಿ ರಸ್ತೆಗೋ ಇಂಡಿಪೆಂಡೆನ್ಸ್ ಪಾಸ್‌ಗೋ ಹೋಗಿ ಸಿಕ್ಕಿಕೊಳ್ಳುತ್ತಾರೆ. ಎರಡನೆಯದು 12,095 ಅಡಿ ಎತ್ತರದಲ್ಲಿದೆ, ಚಳಿಗಾಲವಿಡೀ ಮುಚ್ಚಿರುತ್ತದೆ, 35 ಅಡಿಗಿಂತ ಉದ್ದದ ವಾಹನಕ್ಕೆ ಅಲ್ಲಿ ಯಾವಾಗಲೂ ಪ್ರವೇಶವಿಲ್ಲ. ಅಳತೆಯನ್ನು ಮೈಲಿಯಲ್ಲೇ ಇಡಿ. ಕಿಲೋಮೀಟರ್ ರೂಢಿಯಾಗಿದ್ದರೂ ಬೋರ್ಡುಗಳು ಮೈಲಿಯಲ್ಲಿವೆ, ಬಹುತೇಕ ರಾಜ್ಯಗಳಲ್ಲಿ ಎಕ್ಸಿಟ್ ಸಂಖ್ಯೆಯೂ ಮೈಲಿಯ ಲೆಕ್ಕದಲ್ಲೇ ಇದೆ. ಕಾರು ಕೆಟ್ಟು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಹೆದ್ದಾರಿಯ ಹೆಸರು, ಹೋಗುತ್ತಿದ್ದ ದಿಕ್ಕು, ಬದಿಯ ಹಸಿರು ಫಲಕದ ಮೈಲಿ ಸಂಖ್ಯೆ ಹೇಳಿ.

ವಿಳಾಸ ಹಾಕುವಾಗ ರಾಜ್ಯವನ್ನು ಮೊದಲು ಆರಿಸಿ. ಬಾಲಾಜಿ ದೇವಸ್ಥಾನಕ್ಕೆ ಹೋಗಬೇಕಾದ ಅರೋರಾ ಇರುವುದು ಇಲಿನಾಯ್‌ನಲ್ಲಿ, ಶಿಕಾಗೋ ಪಕ್ಕ. ಡೆನ್ವರ್‌ಗೆ ಅಂಟಿಕೊಂಡೂ ಒಂದು ಅರೋರಾ ಇದೆ. ನಿಮ್ಮ ದಾರಿಯಲ್ಲಿ ಎರಡೂ ಬರಬಹುದು! ಸಾಲ್ಟ್ ಲೇಕ್ ಸಿಟಿಯಲ್ಲಿ ಬೀದಿಗೆ ಹೆಸರಿನ ಬದಲು ಸಂಖ್ಯೆ, ದಿಕ್ಕು. ‘450 ಈಸ್ಟ್ 900 ಸೌತ್’ ಎಂಬಲ್ಲಿ ಈಸ್ಟ್ ಬದಲು ವೆಸ್ಟ್ ಒತ್ತಿದರೆ ಊರಿನ ಇನ್ನೊಂದು ಮಗ್ಗುಲಿಗೆ ಹೋಗುತ್ತೀರಿ. ಅಕ್ಷಾಂಶ ರೇಖಾಂಶ ಹಾಕುವವರಿಗೂ ಒಂದು ಮಾತು: ಬೆಂಗಳೂರಿಗೆ ಎರಡೂ ಧನ ಸಂಖ್ಯೆ, ಅಮೆರಿಕದಲ್ಲಿ ರೇಖಾಂಶಕ್ಕೆ ಮೈನಸ್ ಬೇಕು. ಮರೆತರೆ ಡೆನ್ವರ್ ಹೋಗಿ ಚೀನಾದ ಒಳ ಮಂಗೋಲಿಯಾ ಆಗುತ್ತದೆ.

ಸಾಮಾನಿಗೆ ಬಾಡಿಗೆ ಟ್ರಕ್ ಹಿಡಿದವರು ಇದನ್ನು ಎರಡು ಸಲ ಓದಿ. ಕಾರಿನ ಜಿಪಿಎಸ್‌ಗೆ, ಫೋನಿನ ಮಾಮೂಲಿ ಮ್ಯಾಪಿಗೆ, ನಿಮ್ಮ ಗಾಡಿಯ ಎತ್ತರ ಗೊತ್ತಿಲ್ಲ. 26 ಅಡಿಯ ಟ್ರಕ್ಕಿಗೆ ಕನಿಷ್ಠ 12 ಅಡಿ ಎತ್ತರದ ತೆರವು ಬೇಕು. ಬಾಸ್ಟನ್‌ನ ಸ್ಟಾರೋ ಡ್ರೈವ್‌ನಲ್ಲಿ ಅಷ್ಟಿಲ್ಲ, ಅಲ್ಲಿ ಟ್ರಕ್ಕುಗಳಿಗೆ ನಿಷೇಧ. ಸೆಪ್ಟೆಂಬರ್ 1ರ ಸುಮಾರಿಗೆ, ಬಾಡಿಗೆ ಮನೆಗಳು ಕೈ ಬದಲಿಸುವ ಹೊತ್ತಿನಲ್ಲಿ, ಯಾರಾದರೂ ಟ್ರಕ್ಕಿನ ಮಾಡು ಸಿಗಿಸಿಕೊಂಡು ನಿಲ್ಲುವುದು ಆ ಊರಿಗೆ ಹಳೆಯ ಸುದ್ದಿ. ನ್ಯೂಯಾರ್ಕಿನ ಹಚಿನ್ಸನ್ ರಿವರ್, ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇಗಳೂ ಹೀಗೆಯೇ. ಎತ್ತರ, ಉದ್ದ, ತೂಕ ಕೇಳುವ ಟ್ರಕ್ ಜಿಪಿಎಸ್ ಸಿಗುತ್ತದೆ, ಬೆಲೆ ಹೆಚ್ಚು. ಒಂದೇ ಪ್ರಯಾಣಕ್ಕೆ ಅದನ್ನು ಕೊಳ್ಳಬೇಕಾಗಿಲ್ಲ. ಟ್ರಕ್ಕಿನ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ, ಪಾರ್ಕ್‌ವೇ ಎಂದು ಹೆಸರಿರುವ ರಸ್ತೆಯನ್ನು ದೂರವಿಟ್ಟು ಇಂಟರ್‌ಸ್ಟೇಟ್ ಹಿಡಿಯಿರಿ.

ಕೂರಿಸುವ ಜಾಗಕ್ಕೂ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ ಗಾಜಿನ ಕೆಳಮೂಲೆಯಲ್ಲಿ ಡ್ರೈವರ್ ಕಡೆ 5 ಇಂಚಿನ ಚೌಕ, ಇನ್ನೊಂದು ಕಡೆ 7 ಇಂಚಿನ ಚೌಕ, ಅಷ್ಟೇ. 6 ಇಂಚಿನ ಸಾಧನ ಡ್ರೈವರ್ ಮೂಲೆಗೆ ಹಿಡಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ, ಏರ್‌ಬ್ಯಾಗ್ ತೆರೆಯುವ ಜಾಗ ಬಿಟ್ಟು, ಜಾರದ ತೂಕದ ಸ್ಟ್ಯಾಂಡ್ ಇಡುವುದು ಎಲ್ಲ ರಾಜ್ಯಕ್ಕೂ ಕ್ಷೇಮ. ಬ್ಯಾಟರಿ ಸುಮಾರು ಒಂದು ಗಂಟೆಯಷ್ಟೇ ಬರುವುದರಿಂದ 12 ವೋಲ್ಟ್ ಸಾಕೆಟ್ ಬೇಕೇ ಬೇಕು. ಅಗ್ಗದ ಅಡಾಪ್ಟರ್ ಚುಚ್ಚಿ ಆ ಸಾಕೆಟ್ಟಿನ ಫ್ಯೂಸ್ ಹಾರಿಸಿಕೊಳ್ಳುವವರಿದ್ದಾರೆ. ಕಾರಿನ ಮ್ಯಾನುಯಲ್ ನೋಡಿ ಅದೇ ಆಂಪಿಯರಿನ ಎರಡು ಫ್ಯೂಸ್ ಜೊತೆಗಿರಲಿ.

ಫೋನನ್ನು ಎರಡನೆಯ ಸಾಧನವಾಗಿ ಸಿದ್ಧಮಾಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಇಡೀ ದೇಶ ಒಟ್ಟಿಗೆ ಇಳಿಯುವುದಿಲ್ಲ. ದಾರಿಯುದ್ದಕ್ಕೂ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತುಂಡು ತುಂಡಾಗಿ ಡೌನ್‌ಲೋಡ್ ಮಾಡಿ. ಹಿಯರ್ ವಿಗೋ ಆ್ಯಪ್‌ನಲ್ಲಿ ರಾಜ್ಯಗಳ ಲೆಕ್ಕದಲ್ಲಿ ಇಳಿಸಬಹುದು, ಅದು ಸುಲಭ. ಐಫೋನಿನ ಸ್ವಂತ ಮ್ಯಾಪಿಗೆ ಐಓಎಸ್ 17ರಿಂದ ಈ ಸೌಲಭ್ಯ ಬಂದಿದೆ. ಬಿಸಿಲಿಗೆ ಮುಖಮಾಡಿ ಇಟ್ಟ ಫೋನು ಬಿಸಿಯಾಗಿ ಸ್ಕ್ರೀನ್ ಮಂಕಾಗುತ್ತದೆ, ಏಸಿ ಗಾಳಿ ಬೀಳುವಲ್ಲಿ ಸಿಕ್ಕಿಸಿ.

ನೆಟ್ ಆಗಲಿ ಟ್ರಾಫಿಕ್ ಸೌಲಭ್ಯವಾಗಲಿ ಇಲ್ಲದ ಯಾವ ಸಾಧನಕ್ಕೂ ರಸ್ತೆ ಮುಚ್ಚಿದ್ದು ತಿಳಿಯುವುದಿಲ್ಲ. ಚಳಿಗಾಲದಲ್ಲಿ ವಯೋಮಿಂಗ್‌ನ ಲಾರಮಿ, ರಾಲಿನ್ಸ್ ನಡುವೆ ಹಿಮಗಾಳಿಗೆ ಐ-80 ಮುಚ್ಚುವುದು ಸಾಮಾನ್ಯ. ಜಿಪಿಎಸ್ ಮಾತ್ರ ನೇರ ಹೋಗಿ ಎನ್ನುತ್ತಲೇ ಇರುತ್ತದೆ. ಬೆಳಗ್ಗೆ ಹೋಟೆಲ್ ಬಿಡುವ ಮುನ್ನ ರಸ್ತೆಗಳ ಸ್ಥಿತಿ ಹೇಳುವ ಆ ರಾಜ್ಯದ 511 ಸೇವೆ ನೋಡಿ. ಐ-70 ಹಿಡಿದವರು ಯೂಟಾದ ಗ್ರೀನ್ ರಿವರ್‌ನಲ್ಲಿ ಟ್ಯಾಂಕ್ ತುಂಬಿಸಿಯೇ ಮುಂದೆ ಹೋಗಿ. ಅಲ್ಲಿಂದ ಸಲೈನಾವರೆಗೆ 100 ಮೈಲಿಗೂ ಹೆಚ್ಚು ದೂರ ಬಂಕೇ ಇಲ್ಲ.

ಟೋಲ್ ಬೇಡ ಎಂದು ಒತ್ತುವ ಮುನ್ನ ಎಷ್ಟು ಸಮಯ ಹೆಚ್ಚಾಗುತ್ತದೆ ನೋಡಿ. ಪೆನ್ಸಿಲ್ವೇನಿಯಾದಲ್ಲಿ ಐ-80 ಉಚಿತ, ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಗೆ ದುಡ್ಡು. ಟೋಲ್ ಕಟ್ಟುವ ಇಝಡ್‌ಪಾಸ್ ಟ್ಯಾಗ್ ಈ ದಾರಿಯಲ್ಲಿ ಇಲಿನಾಯ್‌ವರೆಗೆ ನಡೆಯುತ್ತದೆ. ಕ್ಯಾಲಿಫೋರ್ನಿಯಾ ತಲುಪಿದ ಮೇಲೆ ಅದನ್ನು ಗಾಜಿನಿಂದ ತೆಗೆದು ಅಲ್ಲಿನ ಟೋಲ್ ಟ್ಯಾಗ್ ಫಾಸ್ಟ್ರ್ಯಾಕ್ ಹಾಕಿಸಿ, ಎರಡೂ ಖಾತೆಗಳಲ್ಲಿ ವಿಳಾಸ, ನಂಬರ್ ಪ್ಲೇಟ್ ಬದಲಿಸಿ.